ಹನ್ನೊಂದು ಗಂಟೆಯ ಅತಿಥಿ

ಗ್ದಾನ್ಸ್ಕಿನಲ್ಲಿ ನಮ್ಮದು ಅಲೆಯಂತೆ ಬಳುಕಿದ ಕಟ್ಟಡ.
ಈ ತುದಿಯವರು ಆ ತುದಿಗೆ ಹೋಗಲು
ಛತ್ರಿ ಹಿಡಿದು ಹೊರಡುತ್ತಾರೆ.
ಏಳನೇ ಮಹಡಿಯಲ್ಲಿ ನಾವು ಮೂವರು:
ನಾನು ಬೊಗುಮಿಲಾ, ಬಂದರಿನ ರೇಡಿಯೋ ಕೋಣೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಬರೀ ಕಿವಿಯಾಗಿದ್ದವಳು;
ಸೊಸೆ ಕಿಂಗಾ, ದಂತವೈದ್ಯರ ಲೆಕ್ಕ ಬರೆಯುವವಳು;
ಮೊಮ್ಮಗ ಲೆಷೆಕ್, ಹದಿಮೂರು ತುಂಬಿ
ಯಾವುದೋ ಡ್ರ್ಯಾಗನ್ನಿಗೆ ದಿನವೂ ಕಪ್ಪ ಕಟ್ಟುವವನು.

ಗೋಡೆಯಿಂದ ಬಂದದ್ದು ಒಂದೇ ಎಳೆ.
ಕುಡಿಯುವ ಬಾಯಿ ಐದು:
ಕಂಪ್ಯೂಟರು ಮೂರು, ಕೆಮ್ಮುವ ಪ್ರಿಂಟರು ಒಂದು,
ಅಡುಗೆಮನೆಯ ಟ್ಯಾಬ್ಲೆಟ್ಟು, ಮೈಯೆಲ್ಲ ಹಿಟ್ಟು.
ಉಪ್ಪಿನ ಸೌತೆಯ ಜಾಡಿಗಳ ನಡುವೆ ರೌಟರು
ಎರಡು ಕೊಂಬೆತ್ತಿ ಕೂತಿತು,
ಹೊಸ ಕೊಟ್ಟಿಗೆಯ ಕರುವಿನ ಹಾಗೆ ಪಿಳಿಪಿಳಿ.

ಕೀಲಿಪದವಿತ್ತು. ಲೆಷೆಕ್ ತೆಗೆದುಹಾಕಿದ:
ಗೆಳೆಯರು ಬಂದಾಗಲೆಲ್ಲ ಹೇಳಬೇಕಲ್ಲ, ಬೇಜಾರು.
ನಾನು ಸುಮ್ಮನಿದ್ದೆ.
ನಾನಾದರೂ ಅರಿಯಬೇಕಿತ್ತು:
ಗಾಳಿಗೆ ಬಿಟ್ಟ ಮಾತಿಗೆ ಮನೆಯಿಲ್ಲ.
ಹಿಂದೊಮ್ಮೆ ಹಡಗೊಂದರ ಅಡುಗೆಯವ
ಹೆಂಡತಿಯ ಕ್ಷಮೆ ಕೇಳಿದ್ದನ್ನು
ಅರ್ಧ ಬಾಲ್ಟಿಕ್ ಕೇಳಿಸಿಕೊಂಡಿತ್ತು.
ಆಕೆಯೊಬ್ಬಳನ್ನು ಬಿಟ್ಟು.

ನವೆಂಬರಿನ ಒಂದು ರಾತ್ರಿ ನಿದ್ದೆ ಬರದೆ
ರೌಟರಿನ ಒಳಕೋಣೆ ತೆರೆದೆ.
ಹೆಸರು ಅಡ್ಮಿನ್, ಗುಟ್ಟು ಅಡ್ಮಿನ್,
ಬೀಗದ ಕೊರಳಿಗೇ ಕೀಲಿ ಕಟ್ಟಿದ ಹಾಗೆ.
ಒಳಗೆ ಪಟ್ಟಿ. ನಮ್ಮವು ಐದು.
ಆರನೆಯದೂ ಒಂದು,
ಹೆಸರಿಲ್ಲ, ಬರೀ ಅಂಕಿ ಅಕ್ಷರಗಳ ಬಾಲ.

ಹಳೆಯ ಅಭ್ಯಾಸ, ದಾಖಲೆ ಪುಸ್ತಕ ತೆಗೆದೆ.
ರಾತ್ರಿ ಹನ್ನೊಂದಕ್ಕೆ ಬರುತ್ತದೆ,
ಹನ್ನೆರಡೂವರೆಗೆ ಹೋಗುತ್ತದೆ.
ಮಾತು ಕಡಿಮೆ. ಕಳ್ಳನೇ ಇರಬೇಕು,
ಕಿಂಗಾಳ ಕಡತದಲ್ಲಿ ಊರಿನವರ ಚಿನ್ನದ ಹಲ್ಲುಗಳಿವೆ.
ಮೂರು ವಾರ ಬರೆದೆ. ಯಾರಿಗೂ ಹೇಳಲಿಲ್ಲ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ,
ಹಾಕಿದೆ ನಾನೂ.
ಅಡ್ಮಿನ್ನನ ಗುಟ್ಟು ಬದಲಿಸಿದೆ,
ತಂತ್ರಾಂಶದ ಹರಿದ ಅಂಚಿಗೆ ಹೊಸ ಹೊಲಿಗೆ ಹಾಕಿಸಿದೆ,
ಒತ್ತಿದರೆ ಯಾರನ್ನಾದರೂ ಒಳಗೆ ಬಿಡುವ
ಆ ಮುದ್ದು ಗುಂಡಿಯ ಬಾಯಿ ಮುಚ್ಚಿಸಿದೆ.
ಒಂದಕ್ಕೊಂದು ನೆಂಟಸ್ತನವಿಲ್ಲದ ನಾಲ್ಕು ಪದ ಕೂಡಿಸಿ
ಹೊಸ ಕೀಲಿ ಮಾಡಿದೆ. ಹೇಳಲಾರೆ.
ಒಂದರಲ್ಲಿ ಮೀನಿದೆ.
ಲೆಷೆಕ್ ಎರಡು ದಿನ ಮಾತು ಬಿಟ್ಟ.

ನಾಲ್ಕನೇ ದಿನ ಪಕ್ಕದ ಮನೆಯ ವಾಲೆರಿಯಾನ್,
ಬಂದರಿನಲ್ಲಿ ಕ್ರೇನು ನಡೆಸಿದವರು,
ಒದ್ದೆ ಕೈಯಲ್ಲೇ ಬಾಗಿಲು ತಟ್ಟಿದರು:
"ನನ್ನ ಬಟ್ಟೆ ಒಗೆಯುವ ಯಂತ್ರ ಮುನಿಸಿಕೊಂಡಿದೆ.
ಕಿತ್ತಳೆ ದೀಪ ಮಿಟುಕಿಸುತ್ತದೆ. ನಿಮಗೇನಾದರೂ ಗೊತ್ತೇ?"
ಅವರಲ್ಲಿ ಕಂಪ್ಯೂಟರಿಲ್ಲ. ಫೋನಿಗೆ ಗುಂಡಿಗಳಿವೆ.
ಯಂತ್ರ ತಂದಿಟ್ಟ ಹುಡುಗ, ಗಾಳಿಯಲ್ಲಿ ತಡಕಿ,
ತೆರೆದಿದ್ದ ಮೊದಲ ಬಾಗಿಲೊಳಗೆ
ಅದನ್ನು ತಳ್ಳಿ ಹೋಗಿದ್ದ.
ಹತ್ತರ ಮೇಲೆ ಕರೆಂಟು ಅಗ್ಗ,
ಅದಕ್ಕೇ ಹನ್ನೊಂದು.
ಮೂರು ವಾರ ನಾನು ಕಾವಲು ಕೂತದ್ದು
ಒಬ್ಬ ಮುದುಕರ ಬನಿಯನ್ನುಗಳಿಗೆ!

ಕೀಲಿ ಕೊಡಲಿಲ್ಲ.
ಕಿಂಗಾಳ ಹಲ್ಲುಗಳು ನೆನಪಿದ್ದವು.
ರೌಟರಿನಲ್ಲಿ ಅತಿಥಿಗೆಂದೇ ಇನ್ನೊಂದು ಬಾಗಿಲಿದೆ,
ಅದೊಂದು ಜಗಲಿ:
ಕೂರಬಹುದು, ನೀರು ಕುಡಿಯಬಹುದು,
ಬೀದಿಗಿಳಿದು ಎಲ್ಲಿಗಾದರೂ ಹೋಗಬಹುದು,
ನಡುಮನೆಯ ಹೊಸ್ತಿಲು ಮಾತ್ರ ದಾಟುವಂತಿಲ್ಲ.
ಅದಕ್ಕೂ ಬೀಗವಿದೆ, ಚಿಕ್ಕದು.
ಯಂತ್ರದ ಮೂತಿಯಲ್ಲಿ ನಾನೇ ಒತ್ತಿ ಕೊಟ್ಟೆ.
ದೀಪ ಹಸಿರಾಯಿತು. ಮುದುಕರು ಟೊಪ್ಪಿ ತೆಗೆದರು,
ನನಗೋ, ಯಂತ್ರಕ್ಕೋ.

ಈಗ ರಾತ್ರಿ ಹನ್ನೊಂದಕ್ಕೆ
ಪಟ್ಟಿಯಲ್ಲಿ ಆ ಬಾಲ ಮೂಡುತ್ತದೆ,
ಹಿಂದೆ ಹಡಗುಗಳು ಮಲಗುವ ಮುನ್ನ
ಇದ್ದೇವೆ ಎಂದು ಕೂಗುತ್ತಿದ್ದ ಹಾಗೆ.
ನಾನೂ ಬರೆದುಕೊಂಡು ಮಲಗುತ್ತೇನೆ.

ಕಳೆದ ಗುರುವಾರ ಬರಲಿಲ್ಲ.
ಹನ್ನೊಂದೂಕಾಲು. ಹನ್ನೊಂದೂವರೆ.
ರೌಟರನ್ನು ಒಮ್ಮೆ ಆರಿಸಿ ಹಚ್ಚಿದೆ,
ಲೆಷೆಕ್ ಒಳಗಿನಿಂದ ಕಿರುಚಿದ.
ಕೊನೆಗೆ ಚಪ್ಪಲಿಯಲ್ಲೇ ಹೋಗಿ ತಟ್ಟಿದೆ.
ತುಂಬ ಹೊತ್ತಾಯಿತು. ಬಾಗಿಲು ತೆರೆಯಿತು.
"ಏನು?" ಎಂದರು.
"ಏನಿಲ್ಲ," ಎಂದೆ.
"ಇವತ್ತು ಒಗೆಯಲು ಏನೂ ಇರಲಿಲ್ಲ," ಎಂದರು,
ನಾನು ಕೇಳದೆಯೇ.

ಬಂದು ಪುಸ್ತಕದಲ್ಲಿ ಬರೆದೆ:
ಗಂಟೆ ಇಪ್ಪತ್ತಮೂರು, ನಿಮಿಷ ಐವತ್ತೆರಡು.
ಹಡಗು ಕ್ಷೇಮ. ಸರಕು ಇಲ್ಲ.